ಇಬ್ಬರಿಗೊಂದು ಕ್ಯಾರವಾನ್: ಅಚ್ಚಿನಿಂದ ಸೂರಿನವರೆಗೆ

ಮೇಷ್ಟ್ರು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಹೇಳಿ ನಿವೃತ್ತರಾದವರು. ಮೇಡಂ ಬ್ಯಾಂಕಿನಿಂದ ವಿಆರ್‌ಎಸ್ ತಗೊಂಡವರು. ಹೆಸರು ಬೇಡ, ಹಾಗೇ ಕರೆಯೋಣ. ಮಕ್ಕಳು ಬೇರೆ ಊರು ಸೇರಿದ್ದಾರೆ, ದಾವಣಗೆರೆಯ ಮನೆಯಲ್ಲಿ ಇಬ್ಬರೇ. ತಮ್ಮ ಡೀಸೆಲ್ ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವಂಥ, ಇಬ್ಬರು ಮಲಗುವಂಥ, ಹದಿನೈದು ವರ್ಷ ತಲೆನೋವಿಲ್ಲದೆ ಬಾಳುವಂಥ ಒಂದು ಸಣ್ಣ ಕ್ಯಾರವಾನ್ ಟ್ರೈಲರ್ ಅವರಿಗೆ ಬೇಕಿತ್ತು. ಟ್ರೈಲರ್ ಚಾಸಿಗಳ ಡ್ರಾಯಿಂಗ್ ಮಾಡುವುದು ನನ್ನ ಕಸುಬು. ಹಾಗಾಗಿ ಆಯ್ಕೆಯ ಮಾತುಕತೆಗೆ ನಾನೂ ಸೇರಿಕೊಂಡೆ.

ಮೊದಲ ದಿನ ಅವರು ತೋರಿಸಿದ್ದು ಫೋನಿನ ತುಂಬ ಒಳಾಂಗಣದ ಫೋಟೋಗಳು. ಮಡಚುವ ಮೇಜು, ಎಲ್‌ಇಡಿ ಪಟ್ಟಿ, ಮರದ ಬಣ್ಣದ ಕಪಾಟು. ಕ್ಯಾರವಾನ್ ಆರಿಸಲು ಹೊರಟ ಹೆಚ್ಚಿನವರು ಇಲ್ಲಿಂದಲೇ ಶುರು ಮಾಡುತ್ತಾರೆ. ನನ್ನ ಲೆಕ್ಕದಲ್ಲಿ ಅದು ತಿರುಗಾಮುರುಗಾ. ಸಣ್ಣ ಟ್ರೈಲರ್ ಬೇಗ ಹಾಳಾಗುವುದು ಕಪಾಟಿನಿಂದಲ್ಲ. ಕೆಳಗೆ ಅಚ್ಚಿನಿಂದ, ಅಂದರೆ ಚಕ್ರಗಳನ್ನು ಹೊರುವ ಆಕ್ಸಲ್‌ನಿಂದ ಹಾಳಾಗುತ್ತೆ, ಮೇಲೆ ಸೂರಿನಿಂದ ಹಾಳಾಗುತ್ತೆ. ಅದಕ್ಕೇ ಫೋನ್ ಪಕ್ಕಕ್ಕಿಡಿಸಿ ಬೇರೆ ಪ್ರಶ್ನೆ ಕೇಳಿದೆ: ಎಳೆಯೋ ಗಾಡಿ ಯಾವುದು, ಎಂಥ ರಸ್ತೆ, ಮನೆ ಹತ್ತಿರ ಎಲ್ಲಿ ನಿಲ್ಲಿಸ್ತೀರಿ, ಮಂಡಿ ಹೆಂಗಿದೆ?

ಗಾಡಿ ಲ್ಯಾಡರ್ ಚಾಸಿಯದು, ಅಂದರೆ ಏಣಿಯಂಥ ಉಕ್ಕಿನ ಚೌಕಟ್ಟಿನದು, ಹಿಂದಿನ ಚಕ್ರಕ್ಕೆ ಡ್ರೈವ್, 15 ಇಂಚಿನ ಟೈರು. ಎಳೆಯುವ ಕೆಲಸಕ್ಕೆ ಇದು ಒಳ್ಳೆ ಜಾತಿ. ರಸ್ತೆ ಬಹುಪಾಲು ರಾಷ್ಟ್ರೀಯ ಹೆದ್ದಾರಿ 48, ಚಿತ್ರದುರ್ಗದಲ್ಲಿ ತಿರುಗಿದರೆ ಹೊಸಪೇಟೆ ಕಡೆಯ 50. ಆಮೇಲೆ ಹಳ್ಳಿ ರಸ್ತೆ. ಹೋಗಬೇಕೆಂದುಕೊಂಡ ಜಾಗಗಳು ಸೂಳೆಕೆರೆ, ಹಂಪಿ, ಸಂಡೂರು, ಮತ್ತೆ 1933ರ ನಂತರ 2022ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ. ಆಗುಂಬೆಯೂ ಪಟ್ಟಿಯಲ್ಲಿತ್ತು. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆ ಘಾಟಿಗೆ ಟ್ರೈಲರ್ ಎಳೆದುಕೊಂಡು ಹೋಗುವುದು ಬೇಡ ಎಂದು ಅಲ್ಲೇ ಹೊಡೆದು ಹಾಕಿಸಿದೆ. ಮನೆ ಗೇಟು ಟ್ರೈಲರಿಗೆ ಸಾಲದು, ಪರಿಚಯದವರ ಅಕ್ಕಿ ಗಿರಣಿ ಅಂಗಳದಲ್ಲಿ ನಿಲ್ಲಿಸಬೇಕು. ಮೇಡಂಗೆ ಎರಡೂ ಮಂಡಿ ನೋವು. ಖರ್ಚು ಎಂಟು ಲಕ್ಷ ದಾಟಬಾರದು.

ವ್ಯಾನನ್ನೇ ಮನೆ ಮಾಡಿಕೊಳ್ಳುವ ಮಾತೂ ಬಂತು. ಇವರಿಗೆ ಗಾಡಿ ದಿನಾ ಬೇಕು, ಸಂತೆಗೂ ಆಸ್ಪತ್ರೆಗೂ ಅದರಲ್ಲೇ ಹೋಗಬೇಕು. ಮೇಲಾಗಿ ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಾಯಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. ಆ ಮಾತು ಅಲ್ಲಿಗೇ ನಿಂತಿತು.

ಕಣ್ಣೀರ ಹನಿ, ಮೊಟ್ಟೆ, ಡಬ್ಬ

ಮೇಷ್ಟ್ರ ಮೊದಲ ಒಲವು ಅಮೆರಿಕದಲ್ಲಿ 1930ರ ದಶಕದಿಂದ ಬಂದ ಟಿಯರ್‌ಡ್ರಾಪ್ ಟ್ರೈಲರ್. ಕಣ್ಣೀರ ಹನಿಯ ಆಕಾರ, ಒಳಗೆ ಬರೀ ಹಾಸಿಗೆ, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಮನೆ. ಹಗುರ, ಗಾಳಿಗೂ ಅಷ್ಟು ಸಿಕ್ಕುವುದಿಲ್ಲ, ಎಳೆಯುವುದು ಬಲು ಸಲೀಸು. ಆದರೆ ಒಳಗೆ ನಿಲ್ಲುವ ಹಾಗಿಲ್ಲ, ತೆವಳಿಕೊಂಡೇ ಹೋಗಬೇಕು, ಸೀರೆ ಉಡುವುದೂ ಕೂತೇ ಆಗಬೇಕು. ಸಂಡಾಸಿಗೆ ಜಾಗವೇ ಇಲ್ಲ. ಮೇಡಂ ಒಂದೇ ಮಾತಿನಲ್ಲಿ ಮುಗಿಸಿದರು: "ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡ್ಕಂಡು ಹೊಲಕ್ಕೆ ಹೋಗೋ ವಯಸ್ಸಾ ನಂದು? ನೀವು ಅದನ್ನ ತಗಳ್ರಿ, ನಾ ಮನೇಲಿ ಇರ್ತೀನಿ." ಸೂರು ಮೇಲೆತ್ತಿ ಸುತ್ತ ಕ್ಯಾನ್ವಾಸ್ ಬಿಚ್ಚಿಕೊಳ್ಳುವ ಪಾಪ್-ಟಾಪ್‌ನಲ್ಲಿ ನಿಲ್ಲಬಹುದು. ಅದಕ್ಕೆ ನನ್ನ ವಿರೋಧ ಮಳೆಯ ಕಾರಣಕ್ಕೆ. ಒದ್ದೆ ಬಟ್ಟೆ ಮಡಚಿಟ್ಟರೆ ಬೂಷ್ಟು ಹಿಡಿಯುತ್ತೆ. ಚಿತ್ರದುರ್ಗದ ಕೋಟೆ ಹತ್ತಿರ ಕೋತಿಗಳ ಕೈಗೆ ಕ್ಯಾನ್ವಾಸ್ ಸಿಕ್ಕರೆ ಏನಾಗುತ್ತೆ ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲೊಂದು ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಉತ್ತರ ಅಮೆರಿಕದಲ್ಲಿ ಐವತ್ತು ವರ್ಷ ಹಳೆಯ ಸಣ್ಣ ಕ್ಯಾರವಾನ್‌ಗಳು ಇವತ್ತಿಗೂ ರಸ್ತೆಯಲ್ಲಿವೆ. ಅಷ್ಟು ಬಾಳಿದವುಗಳಲ್ಲಿ ಎದ್ದು ಕಾಣುವುದು ಫೈಬರ್‌ಗ್ಲಾಸ್ ಮೊಟ್ಟೆಗಳು. 1968ರ ಹೊತ್ತಿಗೆ ಕೆನಡಾದ ವಿನಿಪೆಗ್‌ನಲ್ಲಿ ಹುಟ್ಟಿದ ಬೋಲರ್, ಅದರ ಬೆನ್ನಿಗೇ ಮಿನೆಸೋಟಾದಲ್ಲಿ ಬಂದ 13 ಅಡಿಯ ಸ್ಕ್ಯಾಂಪ್, ಆಮೇಲೆ ಟೆಕ್ಸಾಸ್‌ನ ಕಸಿಟಾ ಇದೇ ಕುಲ. ಇವನ್ನು ಮೋಲ್ಡಿನಲ್ಲಿ ಎರಡು ಹೋಳಾಗಿ ಮಾಡಿ ನಡುವೆ ಕೂಡಿಸುತ್ತಾರೆ. ಸೂರಿಗೂ ಗೋಡೆಗೂ ಮೂಲೆಯಲ್ಲಿ ಜೋಡಣೆಯೇ ಇಲ್ಲ. ಅದೇ ಕಾಲದ ಮಾಮೂಲಿ ಕ್ಯಾರವಾನ್‌ಗಳಲ್ಲಿ ಮರದ ಚೌಕಟ್ಟಿಗೆ ಅಲ್ಯೂಮಿನಿಯಂ ತಗಡು ಹೊಡೆಯುತ್ತಿದ್ದರು. ಸೂರಿನ ಅಂಚಿನ ಒಂದು ಸ್ಕ್ರೂ ತೂತಿನಲ್ಲಿ ನೀರು ಇಳಿದರೆ ಮರ ಒಳಗೇ ಕೊಳೆಯುತ್ತೆ, ಹೊರಗೆ ತಗಡು ಹೊಳೆಯುತ್ತಲೇ ಇರುತ್ತೆ. ಕಣ್ಣಿಗೆ ಬೀಳುವ ಹೊತ್ತಿಗೆ ಗೋಡೆ ಬೆರಳಿಗೆ ಮೆತ್ತಗೆ ಸಿಗುತ್ತೆ. ಬಾಳಿಕೆ ಎಂದರೆ ದಪ್ಪ ತಗಡು ಎಂದುಕೊಂಡಿದ್ದ ಮೇಷ್ಟ್ರಿಗೆ ಇದು ಹೊಸತು. ಬಾಳಿಕೆ ಅನ್ನುವುದು ಜೋಡಣೆಗಳ ಲೆಕ್ಕ. ಎಷ್ಟು ಕಡಿಮೆ ಸಂದಿ, ಅಷ್ಟು ಹೆಚ್ಚು ವರ್ಷ.

ಹಾಗಾದರೆ ಒಂದು ಹಳೆಯ ಸ್ಕ್ಯಾಂಪನ್ನೇ ತರಿಸಿಬಿಡೋಣವಾ ಅಂದರು. ಸಾಗಣೆ, ಸುಂಕ, ನೋಂದಣಿಯ ಪಾಡು ಒಂದು ಕಡೆ ಇರಲಿ. ಅಲ್ಲಿ ಬಲಬದಿಯ ಸಂಚಾರ, ಹಾಗಾಗಿ ಬಾಗಿಲು ಬಲಕ್ಕೆ. ನಮ್ಮಲ್ಲಿ ರಸ್ತೆ ಪಕ್ಕ ನಿಲ್ಲಿಸಿ ಆ ಬಾಗಿಲು ತೆಗೆದರೆ ಕಾಲಿಡುವುದು ನೇರ ಲಾರಿಗಳ ದಾರಿಗೆ. ವಿದ್ಯುತ್ತಿನ ಸಾಮಾನು ಅಲ್ಲಿನ 120 ವೋಲ್ಟ್, 60 ಹರ್ಟ್ಸ್‌ನದು, ನಮ್ಮದು 230 ವೋಲ್ಟ್, 50 ಹರ್ಟ್ಸ್. ಎಳೆಯುವ ಗಾಡಿಗೆ ಟ್ರೈಲರ್ ಸಿಕ್ಕಿಸುವ ಕೊಕ್ಕೆಯ ಗುಂಡೂ ಅಳತೆ ಬೇರೆ. ಅದರ ಮಾತು ಮುಂದೆ ಬರುತ್ತೆ.

ಹರಿಹರದ ಡಬ್ಬ

ಮೂರನೇ ದಾರಿ ಊರಲ್ಲೇ ಮಾಡಿಸುವುದು. ನಮ್ಮ ಸೀಮೆಯವರಿಗೆ ಇದು ಸಹಜವಾಗಿ ಹೊಳೆಯುವ ದಾರಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಮುಚ್ಚಿ ಎರಡು ದಶಕ ದಾಟಿದರೂ ಹರಿಹರದಲ್ಲಿ ಲೇಥ್ ಹಿಡಿದ ಕೈಗಳಿಗೆ ಬರವಿಲ್ಲ, ಟ್ರ್ಯಾಕ್ಟರ್ ಟ್ರೈಲರ್ ಕಟ್ಟುವ ಶೆಡ್ಡುಗಳಿಗೂ ಬರವಿಲ್ಲ. ಮೇಷ್ಟ್ರ ಹಳೆ ವಿದ್ಯಾರ್ಥಿಯೊಬ್ಬರ ಶೆಡ್ಡಿಗೆ ಹೋದೆವು. ಆತ ಉತ್ಸಾಹದಿಂದಲೇ ಹೇಳಿದರು: "ಎರಡು ಎಂಎಂ ಶೀಟ್ ಹೊಡೀತೀನಿ ಸಾರ್, ಆನೆ ಒದ್ದರೂ ಜಗ್ಗಲ್ಲ."

ಅಲ್ಲೇ ಕೂತು ಲೆಕ್ಕ ಹಾಕಿದೆವು. 3.4 ಮೀಟರ್ ಉದ್ದ, 1.8 ಅಗಲ, 1.7 ಎತ್ತರದ ಡಬ್ಬಕ್ಕೆ ಗೋಡೆ ಸೂರು ಸೇರಿ ಹತ್ತಿರ ಹತ್ತಿರ 24 ಚದರ ಮೀಟರ್. 2 ಮಿ.ಮೀ. ಉಕ್ಕಿನ ತಗಡು ಚದರ ಮೀಟರಿಗೆ 15.7 ಕೆಜಿ ತೂಗುತ್ತೆ. ಬರೀ ತಗಡೇ 370 ಕೆಜಿ ದಾಟಿತು. ಚೌಕ ಪೈಪು, ನೆಲ, ಅಚ್ಚು, ಚಕ್ರ, ಹಾಸಿಗೆ ಸೇರಿದರೆ ಟನ್ನಿನ ಆಚೆ. ಅದೇ ಅಳತೆಯ ಫೈಬರ್ ಚಿಪ್ಪು 4 ಮಿ.ಮೀ. ದಪ್ಪ ಇದ್ದರೂ ನೂರೈವತ್ತು ಕೆಜಿ ಆಸುಪಾಸು.

ತೂಕಕ್ಕಿಂತ ದೊಡ್ಡ ತೊಡಕು ಅಚ್ಚಿನದು. ಶೆಡ್ಡಿನಲ್ಲಿ ಸಿದ್ಧವಿದ್ದದ್ದು ಟನ್‌ಗಟ್ಟಲೆ ಕಬ್ಬು, ಮೆಕ್ಕೆಜೋಳ ಹೊರುವ ಅಚ್ಚು, ಅದಕ್ಕೆ ತಕ್ಕ ಕಮಾನ್ ಪಟ್ಟಿ. ಜಾಸ್ತಿ ಗಟ್ಟಿ ಇದ್ದರೆ ಒಳ್ಳೇದೇ ಅಲ್ವಾ ಅನ್ನುವುದು ಎಲ್ಲರ ಪ್ರಶ್ನೆ. ಅಲ್ಲ. ಐದು ಟನ್ನಿಗೆ ಬಾಗಬೇಕಾದ ಪಟ್ಟಿ ಒಂದು ಟನ್ನಿಗೆ ಬಾಗುವುದೇ ಇಲ್ಲ. ಹಂಪ್ ಸಿಕ್ಕಾಗ ಏಟು ಪಟ್ಟಿಯಲ್ಲಿ ಇಂಗದೆ ನೇರ ಮೇಲಕ್ಕೆ ಹೋಗುತ್ತೆ. ಖಾಲಿ ಟ್ರೈಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಹಳ್ಳಿ ರಸ್ತೆಯಲ್ಲಿ ಹೋಗುವಾಗ ಹಿಂದೆ ಆ ಡಬ್ಬಿ ಹೇಗೆ ಕುಣಿಯುತ್ತೆ ನೋಡಿ. ಅದರ ಮೇಲೆ ಕಪಾಟು, ಗಾಜಿನ ಕಿಟಕಿ, ನೀರಿನ ಪೈಪು ಕೂರಿಸಿದರೆ ವರ್ಷದೊಳಗೆ ಸ್ಕ್ರೂಗಳು ನೆಲದಲ್ಲಿ ಸಿಗುತ್ತವೆ. ಅಚ್ಚು ಹೊರೆಗೆ ತಕ್ಕಷ್ಟೇ ಇರಬೇಕು.

ಕಾಗದದ ತೊಡಕನ್ನು ಶೆಡ್ಡಿನವರೇ ಬಾಯಿಬಿಟ್ಟು ಹೇಳಿದರು, ಅದು ಅವರ ದೊಡ್ಡತನ. ಅವರ ಕೈಲಿದ್ದ ಅನುಮೋದನೆ ಟ್ರ್ಯಾಕ್ಟರ್ ಎಳೆಯುವ ಕೃಷಿ ಟ್ರೈಲರಿಗೆ ಮಾತ್ರ. ಕಾಯ್ದೆಯ ಪ್ರಕಾರ ಟ್ರೈಲರೂ ಮೋಟಾರು ವಾಹನವೇ. ಇಂಜಿನ್ ಇಲ್ಲ ಅಂತ ನೋಂದಣಿ ತಪ್ಪುವುದಿಲ್ಲ. ಅರ್ಜಿಗೆ ಫಾರಂ 20, ಮಾರಾಟಗಾರರಿಂದ ಫಾರಂ 21, ತಯಾರಕರಿಂದ ರಸ್ತೆಗೆ ಯೋಗ್ಯ ಎನ್ನುವ ಫಾರಂ 22, ಜೊತೆಗೆ ವಿಮೆ. ಇವಿಲ್ಲದೆ ಕೆಎ-17ರ ನಂಬರು ಬರುವುದಿಲ್ಲ. ನಂಬರಿಲ್ಲದ ಡಬ್ಬ ಹೆಬ್ಬಾಳು ಟೋಲಿನ ತನಕ ಹೋದೀತು, ಯಾರಿಗಾದರೂ ತಾಗಿದ ದಿನ ಮನೆ ಮಾರಬೇಕಾದೀತು.

ಉಳಿದದ್ದು ಕಾಗದ ಸರಿಯಿರುವ ತಯಾರಕರಿಂದ ಕೊಳ್ಳುವುದು. ಹೊರ ರಾಜ್ಯದ ಒಂದು ಸಣ್ಣ ಕಂಪನಿ ಎರಡು ಹೋಳಿನ ಫೈಬರ್ ಚಿಪ್ಪಿನ, ಒಟ್ಟು 750 ಕೆಜಿ ಮಿತಿಯ ಟ್ರೈಲರ್ ಮಾಡುತ್ತಿತ್ತು. ಖಾಲಿ ತೂಕ 540. ಡೆಮೊ ಗಾಡಿಯನ್ನು ವಾರಾಂತ್ಯಕ್ಕೆ ಕಳಿಸಲು ಒಪ್ಪಿದರು.

ಅಕ್ಕಿ ಮೂಟೆ ಪರೀಕ್ಷೆ

540 ತೆಗೆದರೆ ಉಳಿಯುವುದು 210 ಕೆಜಿ. ಕೇಳಲು ತುಂಬ ಅನ್ನಿಸುತ್ತೆ. 40 ಲೀಟರ್ ನೀರು ಅಂದರೆ 40 ಕೆಜಿ. 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ ಹನ್ನೆರಡು ಹದಿಮೂರು. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯನ್ನೇ ಎತ್ತಿ ಹಾಕೋಣ ಅಂದಿದ್ದರು ಮೇಷ್ಟ್ರು, ಅದು ಐವತ್ತರ ಮೇಲೆ. ಹಾಸಿಗೆ ಹೊದಿಕೆ, ಬಟ್ಟೆ, ಒಲೆ, ಸಿಲಿಂಡರ್, ಕುರ್ಚಿ, ದಿನಸಿ. ಮೇಡಂ ಎಲ್ಲವನ್ನೂ ತಕ್ಕಡಿಗಿಟ್ಟು ಬರೆದುಕೊಂಡರು. ದೋಸೆ ಹೆಂಚು ಮಾತ್ರ ಚರ್ಚೆಗೇ ಬರಲಿಲ್ಲ. ಆರೂವರೆ ಕೆಜಿಯ ಕಬ್ಬಿಣದ ಹೆಂಚು, ಅದು ಬರಲೇಬೇಕು. ದಾವಣಗೆರೆಯವರ ಜೊತೆ ಈ ವಿಷಯದಲ್ಲಿ ವಾದ ಮಾಡಬಾರದು. ಎಲ್ಲ ಸೇರಿ ಟ್ರೈಲರ್ 700ರ ಸುತ್ತ ನಿಂತಿತು.

ಒಟ್ಟು ತೂಕದಷ್ಟೇ ಮುಖ್ಯ ಅದು ಎಲ್ಲಿ ಕೂತಿದೆ ಅನ್ನುವುದು. ಟ್ರೈಲರಿನ ಮೂತಿ ಕೊಕ್ಕೆಯ ಗುಂಡನ್ನು ಸ್ವಲ್ಪ ಕೆಳಗೆ ಒತ್ತುತ್ತಿರಬೇಕು. ಅಮೆರಿಕದಲ್ಲಿ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಅನ್ನುತ್ತಾರೆ. ಯುರೋಪಿನವರು ಇನ್ನೂ ಕಡಿಮೆಗೆ ಒಪ್ಪುತ್ತಾರೆ. ನಮ್ಮ ಸಣ್ಣ ಗಾಡಿಗೆ ನಾನು ಹಿಡಿದದ್ದು ನೂರಕ್ಕೆ ಒಂಬತ್ತು. ಒತ್ತು ಕಡಿಮೆಯಾದರೆ ಬಾಲ ಆಡಲು ಶುರುವಾಗುತ್ತೆ.

ಬಾತ್‌ರೂಮ್ ತಕ್ಕಡಿಯ ಮೇಲೆ ಮರದ ತುಂಡು ನಿಲ್ಲಿಸಿ, ಗಾಡಿಯ ಕೊಕ್ಕೆಯಷ್ಟೇ ಎತ್ತರದಲ್ಲಿ ಮೂತಿ ಇಳಿಸಿದೆವು. 62 ಕೆಜಿ. ಸರಿಯಾಗೇ ಇತ್ತು. ಆಮೇಲೆ, ಮೇಷ್ಟ್ರಿಗೆ ಕಾಣಿಸಲಿ ಅಂತ, ಅಚ್ಚಿನ ಮುಂದೆ ಅರ್ಧ ಮೀಟರಲ್ಲಿದ್ದ 25 ಕೆಜಿಯ ಎರಡು ಸೋನಾ ಮಸೂರಿ ಚೀಲಗಳನ್ನು ಅಚ್ಚಿನ ಹಿಂದೆ ಒಂದೂವರೆ ಮೀಟರಿಗೆ ಸರಿಸಿದೆವು. ಒಟ್ಟು ತೂಕ ಒಂದು ಗ್ರಾಮೂ ಬದಲಾಗಲಿಲ್ಲ. ತಕ್ಕಡಿ 24 ತೋರಿಸಿತು. ಕೊಕ್ಕೆಯಿಂದ ಅಚ್ಚಿಗೆ 2.6 ಮೀಟರ್, 50 ಕೆಜಿ ಸರಿದದ್ದು 2 ಮೀಟರ್, ಗುಣಿಸಿ ಭಾಗಿಸಿದರೆ 38 ಕೆಜಿ ಮೂತಿಯಿಂದ ಇಳಿಯಲೇಬೇಕು. ಪಾಠ ಹೇಳಿದವರಿಗೆ ಕಾಗದ ಬೇಕಾಗಲಿಲ್ಲ, ಬಾಯಲ್ಲೇ ಹಾಕಿದರು.

ಬೆಳಗಿನ ಜಾವ ಖಾಲಿ ಸರ್ವಿಸ್ ರಸ್ತೆಯಲ್ಲಿ ಹಾಗೇ ಎಳೆದು ನೋಡಿದೆವು. ನಲವತ್ತರ ತನಕ ಏನೂ ಇಲ್ಲ. ಐವತ್ತು ದಾಟಿ ಸ್ಟೀರಿಂಗ್ ಒಂಚೂರು ಅಲುಗಿಸಿದ್ದೇ ತಡ, ಕನ್ನಡಿಯಲ್ಲಿ ಟ್ರೈಲರಿನ ಬಲಮೂಲೆ ಕಂಡಿತು, ಮರೆಯಾಯಿತು, ಎಡಮೂಲೆ ಕಂಡಿತು. ಕಾಲು ತೆಗೆದಾಗ ನಿಧಾನಕ್ಕೆ ಅಡಗಿತು. ಮೂಟೆಗಳನ್ನು ವಾಪಸ್ ಮುಂದಿಟ್ಟ ಮೇಲೆ ಅದೇ ರಸ್ತೆ, ಅದೇ ವೇಗ, ಸದ್ದಿಲ್ಲ. ಹಿಂದಿನ ಮುಚ್ಚಳದ ಕೆಳಗೆ ಇಡೀ ಅಡುಗೆಮನೆ ಕೊಡುವ ಮಾಡೆಲನ್ನು ಬಿಟ್ಟು, ನೀರಿನ ಟ್ಯಾಂಕು ಅಚ್ಚಿನ ಮುಂದಿರುವ ಮಾಡೆಲ್ ಆರಿಸಿದ್ದು ಈ ಕಾರಣಕ್ಕೆ.

ಇದು ಚಿತ್ರದುರ್ಗದ ದಾರಿಯಲ್ಲಿ ಇನ್ನೂ ಮುಖ್ಯ. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಆಷಾಢದಲ್ಲಿ ಗಂಟೆಗೆ 54 ಕಿ.ಮೀ. ವೇಗದ ಅಡ್ಡಗಾಳಿ ಬೀಸಿದರೆ ಈ ಅಳತೆಯ ಪಕ್ಕದ ಗೋಡೆಗೆ ಸುಮಾರು 80 ಕೆಜಿಯ ಒತ್ತಡ ಬೀಳುತ್ತೆ. ದೊಡ್ಡ ಲಾರಿಯೊಂದನ್ನು ದಾಟುವಾಗ ಆ ಒತ್ತಡ ಒಮ್ಮೆಗೇ ಹೋಗಿ ಒಮ್ಮೆಗೇ ಬರುತ್ತೆ. ಮೂತಿ ಹಗುರ ಇದ್ದವರಿಗೆ ಅದು ಸಾಕು.

ಕೊಕ್ಕೆಯ ಗುಂಡಿನ ವಿಷಯ ಇಲ್ಲಿ ಹೇಳಿಬಿಡುತ್ತೇನೆ. ಟ್ರೈಲರಿನ ಹಿಡಿ 50 ಮಿ.ಮೀ. ಗುಂಡಿಗೆ ಮಾಡಿದ್ದು. ಅಂಗಡಿಯವನು ಕೊಟ್ಟ ಗುಂಡಿನ ಮೇಲೆ ಅಳತೆಯೇ ಕೊರೆದಿರಲಿಲ್ಲ. ಮೇಷ್ಟ್ರು ಜೇಬಿನಿಂದ ವರ್ನಿಯರ್ ತೆಗೆದು ಹಿಡಿದರು: 50.8, ಅಂದರೆ ಅಮೆರಿಕದ ಎರಡು ಇಂಚಿನದು. ಹಿಡಿ ಅದರ ಮೇಲೆ ಕೂತಂತೆ ಕಂಡರೂ ಬೀಗ ಪೂರ್ತಿ ಬೀಳುವುದಿಲ್ಲ. ಮುಕ್ಕಾಲು ಮಿಲಿಮೀಟರು ಕಣ್ಣಿಗೆ ಎಲ್ಲಿ ಸಿಕ್ಕೀತು? ಬದಲಾಯಿಸಿದೆವು. ಗುಂಡಿನ ಚೌಕಟ್ಟು ಚಾಸಿಗೆ ಬೋಲ್ಟ್ ಆಗುವಂಥದ್ದೇ, ವೆಲ್ಡಿಂಗ್ ಬೇಡ ಎಂದೆ. ಗಾಡಿಯ ವಿಮೆಯವರಿಗೆ ಬರಹದಲ್ಲಿ ತಿಳಿಸಿ ಉತ್ತರ ತರಿಸಿಕೊಂಡದ್ದು ಮೇಡಂ. ಬ್ಯಾಂಕಿನವರು, ಬಾಯಿಮಾತು ನಂಬುವುದಿಲ್ಲ.

ಪೇಪರ್ ಹಾಸಿ ನೀರು ಹೊಡೆದದ್ದು

ಡೆಮೊ ಗಾಡಿಯನ್ನು ವಾಪಸ್ ಕೊಡುವ ಮುಂಚೆ ಪಿ.ಬಿ. ರಸ್ತೆಯ ಒಂದು ವಾಟರ್ ಸರ್ವಿಸ್‌ಗೆ ಒಯ್ದೆವು. ಒಳಗೆ ಗೋಡೆಯ ಬುಡದುದ್ದಕ್ಕೂ, ಹಾಸಿಗೆ ಮೇಲೆ, ಕಪಾಟಿನೊಳಗೆ ಹಳೇ ಪೇಪರ್ ಹಾಸಿ, ಹೊರಗಿನಿಂದ ಅರ್ಧ ಗಂಟೆ ನೀರು. ಮೊದಲು ಸೂರಿಗೆ ಮೇಲಿನಿಂದ, ಆಮೇಲೆ ಓಡುವ ಗಾಡಿಗೆ ಮಳೆ ಹೊಡೆಯುವ ಹಾಗೆ ಮುಂದಿನಿಂದ ಓರೆಯಾಗಿ. ತೇವ ಅಳೆಯುವ ಮೀಟರ್ ಇದ್ದರೂ ಪೇಪರಿನ ಹಾಗೆ ಅದು ಜಾಗ ತೋರಿಸುವುದಿಲ್ಲ.

ಎರಡು ಹೋಳು ಕೂಡುವ ನಡುಗಚ್ಚೆಯಲ್ಲಿ ಒಂದು ಹನಿಯೂ ಇಲ್ಲ. ಆದರೆ ಸೂರಿನ ಗಾಳಿಕಿಂಡಿಯ ಕೆಳಗೆ ರೂಪಾಯಿ ಅಗಲದ ಕಲೆ. ಹಿಂದಿನ ಮೇಲ್ದೀಪದ ಸ್ಕ್ರೂ ಇದ್ದ ಕಡೆಯಿಂದ ಗೋಡೆಗುಂಟ ಇಳಿದ ಒಂದು ಗೆರೆ. ಚಿಪ್ಪು ಸೋರಲಿಲ್ಲ, ಚಿಪ್ಪಿಗೆ ಆಮೇಲೆ ಕೊರೆದ ತೂತು ಸೋರಿತು. ಬಿಚ್ಚಿ ನೋಡಿದರೆ ಬರೀ ಸಿಲಿಕೋನ್ ಅಂಟು ಬಳಿದಿದ್ದರು. ಸಿಲಿಕೋನಿನ ಗುಣ ಏನೆಂದರೆ ಹಳೆಯದರ ಮೇಲೆ ಹೊಸತು ಅಂಟುವುದಿಲ್ಲ, ಪ್ರತಿ ಸಲ ಪೂರ್ತಿ ಕೆರೆದು ತೆಗೆಯಬೇಕು. ಅಂಥ ಕಡೆ ಬ್ಯೂಟೈಲ್ ಅನ್ನುವ ಮೆತ್ತನೆ ರಬ್ಬರಿನ ಅಂಟುಪಟ್ಟಿ ಹಾಕಿ ಬಿಗಿಯಬೇಕು. ತಯಾರಕರಿಗೆ ಒದ್ದೆ ಪೇಪರಿನ ಫೋಟೋ ಸಮೇತ ಬರೆದೆವು. ನಮ್ಮ ಗಾಡಿಯಲ್ಲಿ ಪ್ರತಿ ತೂತಿಗೂ ಬ್ಯೂಟೈಲ್, ಒಳಗೆ ನೆಲಕ್ಕೂ ಹಾಸಿಗೆ ಪೆಟ್ಟಿಗೆಗೂ ನೀರು ತಡೆಯುವ, ಐಎಸ್ 710 ಮುದ್ರೆಯ ಮರೀನ್ ಪ್ಲೈ, ಕತ್ತರಿಸಿದ ಅಂಚಿಗೆಲ್ಲ ಎಪಾಕ್ಸಿ. ಒಪ್ಪಿದರು.

ಇನ್ನೆರಡು ಬದಲಾವಣೆ ಕೇಳಿದೆವು. ಒಂದು, ಬ್ರೇಕ್. ಯುರೋಪಿನಲ್ಲಿ 750 ಕೆಜಿ ತನಕದ ಟ್ರೈಲರಿಗೆ ಬ್ರೇಕ್ ಕಡ್ಡಾಯವಲ್ಲ, ಇವರೂ ಬ್ರೇಕಿಲ್ಲದೇ ಮಾರುತ್ತಿದ್ದರು. ನಮ್ಮ ಹೆದ್ದಾರಿಯಲ್ಲಿ ಎದುರಿಗೆ ಬರುವ ಬೈಕು, ಅಡ್ಡ ಬರುವ ಎಮ್ಮೆ, ಬೋರ್ಡಿಲ್ಲದ ಹಂಪು ಇವನ್ನೆಲ್ಲ ನೆನೆದು ಓವರ್‌ರನ್ ಬ್ರೇಕ್ ಹಾಕಿಸಿದೆವು. ಮುಂದಿನ ಗಾಡಿ ನಿಧಾನವಾದಾಗ ಟ್ರೈಲರ್ ಮುಂದಕ್ಕೆ ತಳ್ಳುತ್ತೆ, ಆ ತಳ್ಳಾಟವೇ ಅದರ ಬ್ರೇಕನ್ನು ಒತ್ತುತ್ತೆ. ಖರ್ಚು, ತೂಕ ಎರಡೂ ಸ್ವಲ್ಪ ಏರಿದವು. ಮೇಷ್ಟ್ರು ಗೊಣಗಿದರು, ನಾನು ಬಿಡಲಿಲ್ಲ.

ಎರಡು, ಚಕ್ರ. ಟ್ರೈಲರಿಗೆ ಬಂದಿದ್ದ ಪುಟ್ಟ ಚಕ್ರ ತೆಗೆಸಿ, ಎಳೆಯುವ ಗಾಡಿಯದೇ 15 ಇಂಚು, ಅದೇ ಬೋಲ್ಟ್ ಅಳತೆ. ಒಂದೇ ಸ್ಟೆಪ್ನಿ ಎರಡಕ್ಕೂ ಆಯಿತು, ಜೊತೆಗೆ ನೆಲದಿಂದ ಎತ್ತರವೂ ಸಿಕ್ಕಿತು. ಹಳ್ಳಿ ಹಂಪಿನ ಮೇಲೆ ಮುಂದಿನ ಗಾಡಿ ಇಳಿಯುವ ಹೊತ್ತಿಗೆ ಟ್ರೈಲರಿನ ಹಿಂಬದಿ ಉಜ್ಜುತ್ತಿತ್ತು, ಅದು ತಪ್ಪಿತು. ಚಕ್ರದ ಹಬ್ಬಿನ ಬೇರಿಂಗ್ ನಂಬರನ್ನು ಮೇಷ್ಟ್ರು ಮೊದಲೇ ಬರೆದುಕೊಂಡು ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಅಂಗಡಿಯಲ್ಲಿ ಸಿಗುತ್ತಾ ಎಂದು ವಿಚಾರಿಸಿದ್ದರು. ಸಿಗದ ಬೇರಿಂಗಿನ ಟ್ರೈಲರ್ ಎಷ್ಟೇ ಚೆಂದವಿದ್ದರೂ ಕೊಳ್ಳಬಾರದು.

ಒಳಗಿನ ವಿಷಯ ಒಂದು ಸಂಜೆಯಲ್ಲಿ ಮುಗಿಯಿತು. ಅಡ್ಡಕ್ಕೆ ಖಾಯಂ ಹಾಸಿಗೆ, ಮೇಡಂ ನೇರ ನಿಲ್ಲುವಷ್ಟು ನಡುವೆ ಎತ್ತರ, ಬಾಗಿಲ ಪಕ್ಕ ಪರದೆ ಎಳೆದುಕೊಳ್ಳುವ ಪೋರ್ಟಬಲ್ ಟಾಯ್ಲೆಟ್, ಬಾಗಿಲಿಗೆ ಅಗಲ ಮೆಟ್ಟಿಲು. ಎಸಿ ಬೇಡ, ಬ್ಯಾಟರಿ ತಡೆಯಲ್ಲ. ಕರೆಂಟು ಕಮ್ಮಿ ಎಳೆಯುವ 30 ವಾಟಿನ ಬಿಎಲ್‌ಡಿಸಿ ಫ್ಯಾನು, ಬಿಳಿ ಸೂರು. ಏಪ್ರಿಲ್, ಮೇ ಬಯಲುಸೀಮೆಯಲ್ಲಿ ಓಡಾಡುವುದೇ ಇಲ್ಲ ಅಂತ ತೀರ್ಮಾನ. ಒಲೆ ಹೊರಗೇ.

ಮೊದಲ ಮಳೆಗಾಲ ಕಳೆದಿದೆ. ಒಳಗೆ ಪೇಪರ್ ಒಣಗೇ ಇದೆ. ಸಿಕ್ಕಿಬಿದ್ದದ್ದು ಒಂದೇ ಸಲ, ಸೂಳೆಕೆರೆ ಕಡೆಯ ಎರೆಹೊಲದ ಅಂಚಿನಲ್ಲಿ ಮಳೆ ಬಂದು ಚಕ್ರ ಹೂತುಹೋಯಿತು. ಟ್ರ್ಯಾಕ್ಟರ್ ಕರೆಸಿ ಎಳೆಸಿದರು. ಎರೆಮಣ್ಣಿನಲ್ಲಿ ಮೋಡ ಕಂಡ ದಿನ ಡಾಂಬರು ಬಿಟ್ಟು ಇಳಿಯಬಾರದು, ಅದಕ್ಕೆ ಯಾವ ಟ್ರೈಲರೂ ಪರಿಹಾರವಲ್ಲ. ಗಿರಣಿ ಅಂಗಳದಲ್ಲಿ ಇಲಿಗಳು ವೈರು ಕಡಿದ ಮೇಲೆ ತಳದ ಕಿಂಡಿಗಳಿಗೆಲ್ಲ ಸ್ಟೀಲ್ ಜಾಲರಿ ಬಂದಿದೆ.

ಈಗ ನಡೆಯುತ್ತಿರುವ ಚರ್ಚೆ ಸೋಲಾರ್‌ದು. ಪ್ಯಾನೆಲನ್ನು ಸೂರಿಗೆ ಬೋಲ್ಟ್ ಮಾಡಿದರೆ ಓಡುವಾಗಲೂ ಚಾರ್ಜ್ ಆಗುತ್ತೆ ಅನ್ನುವುದು ಮೇಷ್ಟ್ರ ವಾದ. ಮೇಡಂ ಒಪ್ಪುತ್ತಿಲ್ಲ. "ಸೂರಿಗೆ ಇನ್ನೊಂದು ತೂತು ಬೇಡ್ರಿ. ಮಡಚೋ ಪ್ಯಾನೆಲ್ ತಗಳಿ, ಗಾಡಿ ನಿಂತಾಗ ಬಾನೆಟ್ ಮೇಲೆ ಒರಗಿಸ್ತೀನಿ." ನನ್ನನ್ನು ಕೇಳಿದರು. ಮೇಡಂ ಹೇಳಿದ್ದಕ್ಕೇ ನನ್ನ ಮತ.